ಕೂದಲೊಡವೆ: ಪಶ್ಚಿಮದ ಶೋಕಾಭರಣ ಪರಂಪರೆಯಲ್ಲಿ ಕೂದಲು ಮತ್ತು ಹೆಸರು

ಆಭರಣಗಳನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಲೋಹ ಮತ್ತು ಹರಳುಗಳ ಸುತ್ತಲೇ ನಡೆದಿವೆ. ಚಿನ್ನ, ಬೆಳ್ಳಿ, ಮುತ್ತು, ಹವಳಗಳ ಜೊತೆಗೆ ಜಾನಪದ ವಿದ್ವಾಂಸರು ಮಣಿ, ಶಂಖ, ಕವಡೆ, ಹುಲಿಯುಗುರುಗಳ ಒಡವೆಗಳನ್ನೂ ದಾಖಲಿಸಿದ್ದಾರೆ. ಆದರೆ ಮನುಷ್ಯನ ದೇಹದಿಂದಲೇ ತೆಗೆದ ವಸ್ತುವನ್ನು ಹೆಣೆದು, ಚಿನ್ನದ ಕಟ್ಟು ಹಾಕಿಸಿ, ನೆರೆಹೊರೆಯವರೆದುರು ತೊಡುತ್ತಿದ್ದ ಒಂದು ಪರಂಪರೆ ಯುರೋಪು ಮತ್ತು ಅಮೆರಿಕಗಳಲ್ಲಿ ಸುಮಾರು ಮೂರು ಶತಮಾನಗಳ ಕಾಲ ಬಾಳಿತು. ತೀರಿಕೊಂಡವರ ತಲೆಗೂದಲಿನಿಂದ ಮಾಡಿದ ಉಂಗುರ, ಪದಕ, ಕೈಪಟ್ಟಿ, ಕಿವಿಯೋಲೆ, ಗಡಿಯಾರದ ಸರಪಳಿಗಳು ಆ ಪರಂಪರೆಗೆ ಸೇರಿದವು. ಹದಿನೇಳನೆಯ ಶತಮಾನದಲ್ಲಿ ಶ್ರೀಮಂತ ಕುಲೀನರ ನಡುವೆ ಕಾಣಿಸಿಕೊಂಡ ಈ ಪದ್ಧತಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಧ್ಯಮವರ್ಗದ ಮನೆಮನೆಗೂ ತಲುಪಿ, ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಬಹುತೇಕ ಅಳಿದುಹೋಯಿತು.

ಕನ್ನಡದಲ್ಲಿ ಇದನ್ನು ಹೆಸರಿಸುವುದೇ ಒಂದು ತೊಡಕು. 'ಕೇಶಾಭರಣ' ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಜಡೆಬಿಲ್ಲೆ, ರಾಗಟೆ, ಜಡೆನಾಗರ, ಜಡೆಕುಚ್ಚು ಮೊದಲಾದ, ಕೂದಲಿಗೆ ತೊಡಿಸುವ ಒಡವೆಗಳು. ಕೂದಲೇ ಒಡವೆಯಾಗುವ ಕಲ್ಪನೆ ನಮ್ಮಲ್ಲಿ ಇಲ್ಲದ ಕಾರಣ ಅದಕ್ಕೆ ಪದವೂ ಇಲ್ಲ. ಆದ್ದರಿಂದ ಇಲ್ಲಿ 'ಕೂದಲೊಡವೆ' ಎಂಬ ಪದವನ್ನು ಬಳಸಲಾಗಿದೆ. ಈ ಪರಂಪರೆಯನ್ನು ಸಾಮಾನ್ಯವಾಗಿ ವಿಕ್ಟೋರಿಯಾ ಕಾಲದ ಭಾವುಕತೆಯ ಒಂದು ವಿಲಕ್ಷಣ ಉದಾಹರಣೆಯೆಂದು ವಿವರಿಸಿ ಮುಗಿಸಲಾಗುತ್ತದೆ. ಅದು ಸಾಲದು. ಕೂದಲೊಡವೆಯ ಬೆಲೆಯೆಲ್ಲ ನಿಂತಿರುವುದು ಕಣ್ಣಿಗೆ ಕಾಣದ ಒಂದು ಸಂಗತಿಯ ಮೇಲೆ, ಅಂದರೆ ಆ ಕೂದಲು ಯಾರದು ಎಂಬುದರ ಮೇಲೆ. ಚಿನ್ನವನ್ನು ಒರೆಗಲ್ಲಿಗೆ ಹಚ್ಚಿ ನೋಡಬಹುದು. ಕೂದಲಿಗೆ ಆ ಕಾಲದಲ್ಲಿ ಒರೆಗಲ್ಲಿರಲಿಲ್ಲ. ಕೂದಲಿಗೆ ಅಂಟಿದ ಹೆಸರನ್ನು ಕಾಪಾಡಿಕೊಳ್ಳಲು ಜನ ಪಟ್ಟ ಪಾಡು ಮತ್ತು ಆ ಹೆಸರು ಕಳಚಿಹೋದ ಬಗೆ, ಇವೆರಡರ ಮೂಲಕ ಈ ಪರಂಪರೆಯನ್ನು ಓದುವುದು ಪ್ರಸ್ತುತ ಲೇಖನದ ಉದ್ದೇಶ.

ದೇಹದ ಭಾಗಗಳಲ್ಲಿ ಕೂದಲಿಗೆ ಇರುವ ವಿಶಿಷ್ಟತೆಯನ್ನು ಮೊದಲು ಗಮನಿಸಬೇಕು. ಅದನ್ನು ನೋವಿಲ್ಲದೆ ಕತ್ತರಿಸಬಹುದು. ಕತ್ತರಿಸಿದ ಮೇಲೆ ಅದು ಕೊಳೆಯುವುದಿಲ್ಲ, ಬಣ್ಣವನ್ನು ಬಹುಕಾಲ ಉಳಿಸಿಕೊಳ್ಳುತ್ತದೆ, ಬಾಗಿಸಿದರೆ ಮುರಿಯುವುದಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಬೆಳೆಯುವ ಕೂದಲಿನ ಒಂದು ಮೊಳದ ಎಳೆಯಲ್ಲಿ ಆ ವ್ಯಕ್ತಿಯ ಮೂರು ನಾಲ್ಕು ವರ್ಷಗಳ ಬದುಕು ಅಡಗಿರುತ್ತದೆ. ಜೇಮ್ಸ್ ಫ್ರೇಜರ್ 1890ರಲ್ಲಿ ಮೊದಲು ಪ್ರಕಟಿಸಿದ 'ದಿ ಗೋಲ್ಡನ್ ಬೋ' ಗ್ರಂಥದಲ್ಲಿ, ಒಮ್ಮೆ ಕೂಡಿದ್ದ ವಸ್ತುಗಳು ಬೇರ್ಪಟ್ಟ ಮೇಲೂ ಒಂದರ ಮೇಲೊಂದು ಪ್ರಭಾವ ಬೀರುತ್ತವೆಂಬ ನಂಬಿಕೆಗೆ ಕೂದಲು ಮತ್ತು ಉಗುರುಗಳನ್ನು ಮುಖ್ಯ ನಿದರ್ಶನವಾಗಿ ತೆಗೆದುಕೊಂಡನು. ಎಡ್ಮಂಡ್ ಲೀಚ್ 1958ರಲ್ಲಿ ಕೂದಲಿನ ಮಾಂತ್ರಿಕತೆಯನ್ನು ಕುರಿತು ಬರೆದ ಪ್ರಬಂಧ ಮತ್ತು ಗಣನಾಥ ಒಬೆಯಸೇಕೆರೆಯವರು ಶ್ರೀಲಂಕಾದ ಜಡೆಧಾರಿ ಭಕ್ತೆಯರನ್ನು ಕುರಿತು 1981ರಲ್ಲಿ ಪ್ರಕಟಿಸಿದ ಗ್ರಂಥ ಈ ಚರ್ಚೆಯನ್ನು ಮುಂದುವರಿಸಿದವು. ಆದರೆ ಈ ಸೈದ್ಧಾಂತಿಕ ಬರಹಗಳ ಒಲವು ಹೆಚ್ಚಾಗಿ ತಲೆಯ ಮೇಲಿನ ಕೂದಲಿನ ಕಡೆಗೆ, ಇಲ್ಲವೆ ಮಾಟಗಾರನ ಕೈಸೇರುವ ಕೂದಲಿನ ಕಡೆಗೆ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಉಳಿಯುವ ಕೂದಲು ಅಲ್ಲಿ ಹಿಂದೆ ಬಿದ್ದಿದೆ.

ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ತಲೆ ಬಾಚಿದ ಮೇಲೆ ಹಣಿಗೆಯಲ್ಲಿ ಉಳಿದ ಕೂದಲನ್ನು ಉಂಡೆ ಮಾಡಿ, ಅದರ ಮೇಲೆ ಉಗುಳಿ ಎಸೆಯುವುದು ಇದೇ ನಂಬಿಕೆಯ ಇನ್ನೊಂದು ಮುಖ. ಕೂದಲು ಯಾರದೆಂದು ತಿಳಿದವರ ಕೈಗೆ ಸಿಕ್ಕರೆ ಅಪಾಯ. ಅದು ಯಾರದೂ ಅಲ್ಲದಂತಾದರೆ ಕ್ಷೇಮ. ಸಾವಿನ ಸಂದರ್ಭದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಅನೇಕ ಸಮುದಾಯಗಳಲ್ಲಿ ಸೂತಕದ ಭಾಗವಾಗಿ ಮಕ್ಕಳು ತಲೆ ಬೋಳಿಸಿಕೊಳ್ಳುತ್ತಾರೆ. ಕೆಲವು ಜಾತಿಗಳಲ್ಲಿ ಗಂಡ ಸತ್ತ ಹೆಣ್ಣಿನ ತಲೆ ಬೋಳಿಸುತ್ತಿದ್ದ ಕ್ರೂರ ಪದ್ಧತಿಯೂ ಇತ್ತು. ಅಂದರೆ ಇಲ್ಲಿ ಸಾವಿಗಾಗಿ ಹೋಗುವುದು ಬದುಕಿರುವವರ ಕೂದಲು; ಸತ್ತವರ ಕೂದಲು ದೇಹದೊಡನೆ ಚಿತೆಗೋ ಮಣ್ಣಿಗೋ ಸೇರುತ್ತದೆ. ಇಂಗ್ಲೆಂಡಿನಲ್ಲಿ ಸತ್ತವರ ಕೂದಲು ಮನೆಯಲ್ಲಿ ಉಳಿಯಿತು. ಎರಡೂ ಕಡೆ ಕೂದಲು ವ್ಯಕ್ತಿಯನ್ನು ಬಿಟ್ಟು ಹೋಗುವುದಿಲ್ಲ ಎಂಬ ತಿಳಿವಳಿಕೆ ಒಂದೇ. ಅದರಿಂದ ಮಾಡಿಕೊಂಡ ತೀರ್ಮಾನ ಮಾತ್ರ ಬೇರೆ.

ಇಂಗ್ಲೆಂಡಿನಲ್ಲಿ ಶೋಕದ ಉಂಗುರಗಳು ಕೂದಲೊಡವೆಗಿಂತ ಹಳೆಯವು. ಸಾಯುವವನು ತನ್ನ ಉಯಿಲಿನಲ್ಲಿ ಸ್ನೇಹಿತರಿಗೆ ಉಂಗುರ ಕೊಳ್ಳಲು ಹಣ ಬಿಡುವ ವಾಡಿಕೆ ಅಲ್ಲಿತ್ತು. 1616ರ ತನ್ನ ಉಯಿಲಿನಲ್ಲಿ ಷೇಕ್ಸ್‌ಪಿಯರ್ ರಂಗಭೂಮಿಯ ಮೂವರು ಸಂಗಡಿಗರಾದ ಹೆಮಿಂಜಸ್, ಬರ್ಬೇಜ್ ಮತ್ತು ಕಾಂಡೆಲ್ ಅವರಿಗೆ ಉಂಗುರಕ್ಕೆಂದು ತಲಾ 26 ಷಿಲಿಂಗ್ 8 ಪೆನ್ಸ್ ಬಿಟ್ಟದ್ದು ದಾಖಲೆಯಲ್ಲಿದೆ. ಇಂತಹ ಉಂಗುರಗಳಲ್ಲಿ ತಲೆಬುರುಡೆ, ಮೂಳೆ, ಮರಳುಗಡಿಯಾರಗಳ ಚಿತ್ರಗಳಿರುತ್ತಿದ್ದವು. ಸಾವು ಎಲ್ಲರಿಗೂ ಬರುತ್ತದೆಂಬ ಸಾಮಾನ್ಯ ಎಚ್ಚರಿಕೆ ಅವುಗಳದು. ಕೂದಲು ಬಂದಾಗ ಈ ಸಾಮಾನ್ಯ ಸಾವಿನ ಜಾಗದಲ್ಲಿ ಒಬ್ಬ ವ್ಯಕ್ತಿಯ ಸಾವು ಬಂದು ಕುಳಿತಿತು. ಕವಿ ಜಾನ್ ಡನ್ ತನ್ನ 'ದಿ ರೆಲಿಕ್' ಕವಿತೆಯಲ್ಲಿ ಎಲುಬಿಗೆ ಸುತ್ತಿಕೊಂಡ ಕೂದಲಿನ ಕೈಬಳೆಯೊಂದನ್ನು ಚಿತ್ರಿಸಿದ್ದಾನೆ. ಅವನ ಮರಣಾನಂತರ 1633ರಲ್ಲಿ ಅಚ್ಚಾದ ಈ ಕವಿತೆಯಲ್ಲಿ ಸಮಾಧಿಯನ್ನು ಅಗೆದವರು ಆ ಕೂದಲನ್ನು ಸಂತರ ಅವಶೇಷವೆಂದು ತಿಳಿಯಬಹುದೆಂಬ ವ್ಯಂಗ್ಯವಿದೆ. ಸಂತರ ಅವಶೇಷಗಳ ಪೂಜೆಯನ್ನು ಇಂಗ್ಲೆಂಡಿನ ಧರ್ಮಸುಧಾರಣೆ ಹದಿನಾರನೆಯ ಶತಮಾನದಲ್ಲೇ ನಿಲ್ಲಿಸಿತ್ತು. ಚರ್ಚಿನಿಂದ ಹೊರಬಿದ್ದ ಅವಶೇಷಭಕ್ತಿ ಮನೆಯೊಳಗೆ, ಒಡವೆಯ ಪೆಟ್ಟಿಗೆಯೊಳಗೆ ಮರುಹುಟ್ಟು ಪಡೆಯಿತೆಂದು ಭಾವಿಸಲು ಸಾಕಷ್ಟು ಆಧಾರಗಳಿವೆ.

ಈ ಮರುಹುಟ್ಟಿಗೆ ರಾಜಕೀಯ ಕಾರಣವೂ ಒದಗಿತು. 1649ರ ಜನವರಿಯಲ್ಲಿ ದೊರೆ ಒಂದನೆಯ ಚಾರ್ಲ್ಸ್‌ನ ಶಿರಚ್ಛೇದವಾಯಿತು. ಅವನ ಪಕ್ಷಪಾತಿಗಳು ಅವನ ಕಿರುಚಿತ್ರವನ್ನೋ ಕೂದಲನ್ನೋ ಒಳಗೊಂಡ ಉಂಗುರ, ಪದಕಗಳನ್ನು ಮಾಡಿಸಿ ಇಟ್ಟುಕೊಂಡರು. ಕೂದಲನ್ನು ತೆಳುವಾಗಿ ಹೆಣೆದು, ಅದರ ಮೇಲೆ ಚಿನ್ನದ ತಂತಿಯಲ್ಲಿ ಹೆಸರಿನ ಮೊದಲಕ್ಷರಗಳನ್ನು ಕೂರಿಸಿ, ಮೇಲೊಂದು ಸ್ಫಟಿಕವನ್ನು ಮುಚ್ಚುವ ಮಾದರಿ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ರೂಢವಾಯಿತು. ಕೂದಲಿನ ಮೇಲೆಯೇ ಹೆಸರಿನ ಅಕ್ಷರ ಕೂರಿಸಿದ್ದನ್ನು ಇಲ್ಲಿ ಗಮನಿಸಬೇಕು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಆ ದೊರೆಯ ಕಥೆಗೆ ಇನ್ನೊಂದು ಅಧ್ಯಾಯ ಸೇರಿತು. 1813ರಲ್ಲಿ ವಿಂಡ್ಸರಿನ ಸೇಂಟ್ ಜಾರ್ಜ್ ಚಾಪೆಲಿನಲ್ಲಿ ನೆಲಮಾಳಿಗೆಯ ಕೆಲಸ ನಡೆಯುತ್ತಿದ್ದಾಗ ಅವನ ಶವಪೆಟ್ಟಿಗೆ ಆಕಸ್ಮಿಕವಾಗಿ ಕಂಡುಬಂದಿತು. ರಾಜಪ್ರತಿನಿಧಿಯಾಗಿದ್ದ ಯುವರಾಜನ ಸಮ್ಮುಖದಲ್ಲಿ ಅದನ್ನು ತೆರೆಯಲಾಯಿತು. ರಾಜವೈದ್ಯ ಹೆನ್ರಿ ಹಾಲ್ಫರ್ಡ್ ತಾನು ಕಂಡದ್ದನ್ನು ಬರೆದು ಪ್ರಕಟಿಸಿದನು. ಅಂದು ಕತ್ತರಿಸಿ ತೆಗೆದ ಕೂದಲು ಹಲವರ ಒಡವೆಗಳನ್ನು ಸೇರಿತು. ಸತ್ತು 164 ವರ್ಷಗಳಾದ ದೊರೆಗೆ ಹೊಸದಾಗಿ ಶೋಕಾಭರಣ ಸಿದ್ಧವಾಯಿತು. ಇಲ್ಲಿ ಶೋಕಕ್ಕಿಂತ ಅವಶೇಷಸಂಗ್ರಹದ ಆಸೆಯೇ ಮುಂದೆ ನಿಂತಿದೆಯೆನ್ನದೆ ವಿಧಿಯಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ತಲೆಬುರುಡೆಗಳು ಮರೆಯಾಗಿ, ಸಮಾಧಿಯ ಕಲಶ, ಬಾಗಿದ ವಿಲೋ ಮರ, ಅದರ ಕೆಳಗೆ ಕುಳಿತು ಅಳುವ ಹೆಣ್ಣು ಇವುಗಳ ಚಿತ್ರಗಳು ಬಂದವು. ದಂತದ ತೆಳು ಹಲಗೆಯ ಮೇಲೆ ಕಂದುಬಣ್ಣದಲ್ಲಿ ಬರೆಯುತ್ತಿದ್ದ ಈ ಚಿತ್ರಗಳಲ್ಲಿ ಸತ್ತವರ ಕೂದಲನ್ನು ನುಣ್ಣಗೆ ಕತ್ತರಿಸಿ ಬಣ್ಣಕ್ಕೆ ಬೆರೆಸುವುದೂ ಉಂಟು. ಮದುವೆಯಾಗದೆ ಸತ್ತವರಿಗೆ ಬಿಳಿಯ ಎನಾಮೆಲ್, ಉಳಿದವರಿಗೆ ಕಪ್ಪು ಎಂಬ ರೂಢಿ ಇದ್ದಿತು. ಮುತ್ತುಗಳು ಕಣ್ಣೀರಿಗೆ ಸಂಕೇತವಾದವು. ಉಂಗುರದ ಒಳಬದಿಯಲ್ಲಿಯೋ ಪದಕದ ಹಿಂಬದಿಯಲ್ಲಿಯೋ ಹೆಸರು, ತೀರಿಕೊಂಡ ದಿನ, ವಯಸ್ಸು ಕೆತ್ತಿರುತ್ತಿದ್ದರು. ಈ ಕೆತ್ತನೆಯೇ ಇಂದಿನ ಸಂಶೋಧಕರಿಗೆ ಉಳಿದಿರುವ ದೊಡ್ಡ ಆಧಾರ.

ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ 1861ರ ಡಿಸೆಂಬರ್ 14ರಂದು ತೀರಿಕೊಂಡನು. ರಾಣಿ 1901ರಲ್ಲಿ ಸಾಯುವವರೆಗೂ ಶೋಕದ ಉಡುಪನ್ನು ಬಿಡಲಿಲ್ಲ. ಪತಿಯ ಕೂದಲನ್ನಿರಿಸಿದ ಲಾಕೆಟ್‌ಗಳನ್ನು ಮಾಡಿಸಿದಳು. ಶೋಕಾಭರಣದ ಇತಿಹಾಸವನ್ನೆಲ್ಲ ಈ ಒಂದು ಸಾವಿನಿಂದ ಆರಂಭಿಸುವ ಬರಹಗಳು ಬೇಕಾದಷ್ಟಿವೆ. ಆದರೆ ಅದಕ್ಕೆ ಹತ್ತು ವರ್ಷ ಮೊದಲೇ, 1851ರ ಲಂಡನ್ ಮಹಾಪ್ರದರ್ಶನದಲ್ಲಿ, ಕೂದಲ ಕೆಲಸದವರು ತಮ್ಮ ಕೈಚಳಕವನ್ನು ಪ್ರದರ್ಶಿಸಿದ್ದರು. ಲಂಡನ್ನಿನ ರೀಜೆಂಟ್ ಬೀದಿಯಲ್ಲಿ ಅಂಗಡಿಯಿದ್ದ ಆಂಟೋನಿ ಫೋರರ್ ಅವರಲ್ಲಿ ಪ್ರಸಿದ್ಧನು. ರಾಣಿಯ ಶೋಕ ಈ ಪದ್ಧತಿಯನ್ನು ಹುಟ್ಟಿಸಲಿಲ್ಲ; ಇದ್ದುದಕ್ಕೆ ಅರಮನೆಯ ಮುದ್ರೆ ಒತ್ತಿತು. ಆ ಕಾಲದ ಶಿಷ್ಟಾಚಾರದಂತೆ ವಿಧವೆಯು ಮೊದಲ ವರ್ಷ ಹೊಳಪಿಲ್ಲದ ಕಪ್ಪು ಬಟ್ಟೆಯನ್ನೇ ಉಡಬೇಕಾಗಿತ್ತು. ಒಡವೆಯೆಂದರೆ ಯಾರ್ಕ್‌ಷೈರಿನ ವ್ಹಿಟ್‌ಬಿಯಲ್ಲಿ ದೊರೆಯುವ, ಕಲ್ಲಾಗಿ ಮಾರ್ಪಟ್ಟ ಮರದಿಂದ ಕಡೆದ 'ಜೆಟ್' ಎಂಬ ಕಪ್ಪು ವಸ್ತುವೇ ಮುಖ್ಯ. ಶೋಕದ ಅವಧಿ ಮುಂದುವರಿದಂತೆ ಇತರ ಒಡವೆಗಳಿಗೆ ಅವಕಾಶ ದೊರೆಯುತ್ತಿತ್ತು.

ಕೂದಲೊಡವೆಯನ್ನು ಮಾಡುವ ವಿಧಾನದಲ್ಲಿ ಎರಡು ಮುಖ್ಯ ಬಗೆಗಳಿದ್ದವು. ಹಲಗೆಯ ಕೆಲಸದಲ್ಲಿ ಕೂದಲನ್ನು ಗೋಂದಿನಿಂದ ಚಪ್ಪಟೆಯಾಗಿ ಅಂಟಿಸಿ, ಒಣಗಿದ ಮೇಲೆ ಎಲೆ, ಹೂವು, ಗರಿಗಳ ಆಕಾರದಲ್ಲಿ ಕತ್ತರಿಸಿ, ಗಾಜಿನ ಕೆಳಗೆ ಜೋಡಿಸುತ್ತಿದ್ದರು. ಮೇಜಿನ ಕೆಲಸ ಇದಕ್ಕಿಂತ ಕಷ್ಟದ್ದು. ಮೊದಲು ಕೂದಲನ್ನು ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಜಿಡ್ಡು ತೆಗೆಯಬೇಕು. ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ಇಪ್ಪತ್ತು ಮೂವತ್ತು ಎಳೆಗಳ ಕಂತೆಗಳನ್ನು ಮಾಡಿ, ಪ್ರತಿ ಕಂತೆಯ ತುದಿಗೂ ಸೀಸದ ಗುಂಡು ಕಟ್ಟಬೇಕು. ನಡುವೆ ತೂತಿರುವ ದುಂಡು ಮೇಜಿನ ಸುತ್ತ ಈ ಗುಂಡುಗಳನ್ನು ಇಳಿಬಿಟ್ಟು, ನಡುವಿನ ಕಡ್ಡಿಯ ಇಲ್ಲವೆ ತಂತಿಯ ಸುತ್ತ ಕಂತೆಗಳನ್ನು ಒಂದರ ಮೇಲೊಂದು ದಾಟಿಸುತ್ತ ಹೋದರೆ ಟೊಳ್ಳಾದ ಹೆಣಿಗೆಯೊಂದು ತೂತಿನೊಳಗಿಂದ ಇಳಿಯುತ್ತ ಬರುತ್ತದೆ. ಅದನ್ನು ಕಡ್ಡಿಯ ಸಮೇತ ನೀರಿನಲ್ಲಿ ಕುದಿಸಿ, ಬಿಸಿಯಲ್ಲಿ ಒಣಗಿಸಿದರೆ ಕೂದಲು ಆ ಆಕಾರದಲ್ಲೇ ನಿಲ್ಲುತ್ತದೆ. ಕಡ್ಡಿಯನ್ನು ಎಳೆದು ತೆಗೆದ ಮೇಲೆ ಉಳಿಯುವುದು ಬರಿಯ ಕೂದಲಿನ, ಹಗುರವಾದ, ಸ್ಪ್ರಿಂಗಿನಂತೆ ಹಿಗ್ಗುವ ಕೊಳವೆ. ಅಕ್ಕಸಾಲಿಗನು ಅದರ ತುದಿಗಳಿಗೆ ಚಿನ್ನದ ಟೋಪಿ ಹಾಕಿ, ಕೊಂಡಿ ಜೋಡಿಸುತ್ತಾನೆ. ಹೆಣಿಗೆಯ ಈ ತತ್ತ್ವ ಚಾಟಿ, ಕೊರಳಹುರಿಗಳನ್ನು ಹೆಣೆಯುವ ನಮ್ಮ ಗ್ರಾಮೀಣ ಕುಶಲಕರ್ಮಿಗಳಿಗೆ ಹೊಸದೇನೂ ಆಗಲಾರದು.

ಈ ಕಸುಬು ನಗರದ ಅಕ್ಕಸಾಲಿಗರ ಸೊತ್ತಷ್ಟೇ ಆಗಿರಲಿಲ್ಲ. ಜಾನಪದ ಅಧ್ಯಯನದ ದೃಷ್ಟಿಯಿಂದ ಅತ್ಯಂತ ಮಹತ್ವದ ಕೇಂದ್ರ ಸ್ವೀಡನ್ನಿನ ಡಾಲಾರ್ನಾ ಪ್ರಾಂತ್ಯದ ವೋಮ್‌ಹುಸ್ ಎಂಬ ಹಳ್ಳಿ. ಮೋರಾ ಪಟ್ಟಣದ ಬಳಿಯ ಈ ಊರು ಮರದ ಸೀಳುಗಳಿಂದ ಬುಟ್ಟಿ ಹೆಣೆಯುವುದಕ್ಕೂ ಹೆಸರಾಗಿತ್ತು. ಬೇಸಾಯದಿಂದ ಹೊಟ್ಟೆ ತುಂಬದ ಈ ನೆಲದ ಹೆಣ್ಣುಮಕ್ಕಳು ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೂದಲ ಹೆಣಿಗೆಯನ್ನು ಕಲಿತರು. ಆಮೇಲೆ ಇಬ್ಬರು ಮೂವರ ಗುಂಪು ಕಟ್ಟಿಕೊಂಡು ಜರ್ಮನಿ, ರಷ್ಯಾ, ಇಂಗ್ಲೆಂಡ್ ಮೊದಲಾದ ದೇಶಗಳಿಗೆ ಹೋಗಿ, ಊರೂರು ತಿರುಗಿ, ಕೂದಲು ಪಡೆದು ಒಡವೆ ಹೆಣೆದುಕೊಟ್ಟರು. ತಮ್ಮ ಊರಿನ ಸಾಂಪ್ರದಾಯಿಕ ಉಡುಪನ್ನು ಅವರು ಹೊರದೇಶಗಳಲ್ಲೂ ಬಿಡಲಿಲ್ಲ. ಅದೇ ಅವರ ಗುರುತಿನ ಫಲಕವಾಯಿತು. ಕಸುಬು ತಾಯಿಯಿಂದ ಮಗಳಿಗೆ, ಅಕ್ಕನಿಂದ ತಂಗಿಗೆ ಹರಿದುಬಂದಿತು. ಕೂದಲೊಡವೆಯ ಫ್ಯಾಷನ್ ಯುರೋಪಿನ ಬೇರೆಡೆ ಸತ್ತ ಮೇಲೂ ವೋಮ್‌ಹುಸ್‌ನಲ್ಲಿ ಆ ವಿದ್ಯೆ ಕಡಿಯದೆ ಉಳಿದುಕೊಂಡಿದೆ. ರಾಣಿಯ ಲಾಕೆಟ್ಟಿನ ಬಗ್ಗೆ ಪುಟಗಟ್ಟಲೆ ಬರೆದವರು ಈ ಬಡ ಹೆಣ್ಣುಮಕ್ಕಳ ಬಗ್ಗೆ ಒಂದು ವಾಕ್ಯವನ್ನೂ ಬರೆಯದಿರುವುದು ಆಭರಣ ಇತಿಹಾಸದ ದೊಡ್ಡ ಕೊರತೆ. ಮತ್ತೊಬ್ಬರ ದುಃಖದ ಎಳೆಯನ್ನು ದಿನವಿಡೀ ಬೆರಳಲ್ಲಿ ಹಿಡಿದು ದುಡಿದವರು ಅವರು.

ಅಮೆರಿಕದಲ್ಲಿ ಈ ಪದ್ಧತಿ ಅಂಚೆಯ ಮೂಲಕ ಹಬ್ಬಿತು. ಫಿಲಡೆಲ್ಫಿಯಾದ 'ಗೋಡೀಸ್ ಲೇಡೀಸ್ ಬುಕ್' ಎಂಬ ಮಹಿಳಾ ಮಾಸಪತ್ರಿಕೆಯು 1850ರ ದಶಕದಲ್ಲಿ ಓದುಗರಿಂದ ಕೂದಲು ಮತ್ತು ಹಣವನ್ನು ಅಂಚೆಯಲ್ಲಿ ತರಿಸಿಕೊಂಡು ಒಡವೆ ಮಾಡಿಸಿ ಕಳುಹಿಸುವ ವ್ಯವಸ್ಥೆ ಮಾಡಿತ್ತು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಎಷ್ಟೋ ಮನೆಗಳಿಗೆ ಹೆಣ ಮರಳಿ ಬರಲಿಲ್ಲ. ಯುದ್ಧಕ್ಕೆ ಹೊರಡುವ ಮುನ್ನ ಕತ್ತರಿಸಿ ಕೊಟ್ಟ ಕೂದಲು ಮಾತ್ರ ಉಳಿಯಿತು. ಅಬ್ರಹಾಂ ಲಿಂಕನ್ ಹತ್ಯೆಯಾದಾಗ ತೆಗೆದ ಕೂದಲನ್ನು ಅವನ ಆಪ್ತ ಕಾರ್ಯದರ್ಶಿಯಾಗಿದ್ದ ಜಾನ್ ಹೇ ಉಂಗುರದಲ್ಲಿ ಕೂರಿಸಿ ಥಿಯೋಡರ್ ರೂಸ್‌ವೆಲ್ಟ್‌ಗೆ ಕೊಟ್ಟನು. 1905ರ ಮಾರ್ಚ್ 4ರಂದು ಅಧ್ಯಕ್ಷಪದವಿಯ ಪ್ರಮಾಣವಚನ ಸ್ವೀಕರಿಸುವಾಗ ರೂಸ್‌ವೆಲ್ಟ್ ಆ ಉಂಗುರವನ್ನು ತೊಟ್ಟಿದ್ದನು. ಇಲ್ಲಿ ಕೂದಲು ಒಬ್ಬ ಅಧ್ಯಕ್ಷನ ಹೆಸರನ್ನು ಇನ್ನೊಬ್ಬನ ಕೈಗೆ ದಾಟಿಸುವ ಸಾಧನವಾಗಿದೆ.

ಕೂದಲು ಅಂಚೆಗೂ ಕಾರ್ಖಾನೆಗೂ ಹೋದೊಡನೆ ಹಳೆಯ ವಿಶ್ವಾಸಕ್ಕೆ ಬಿರುಕು ಬಿದ್ದಿತು. ರೋಗದಿಂದ ಸತ್ತವರ ಕೂದಲು ಒರಟಾಗಿ ಮುರಿಯುತ್ತಿತ್ತು. ಮುದುಕರ ಕೂದಲು ಸಾಲುತ್ತಿರಲಿಲ್ಲ. ಮಗುವಿನದು ಮೇಜಿನ ಕೆಲಸಕ್ಕೆ ತೀರ ಮೃದು. ಕೆಲಸದವನು ತನ್ನಲ್ಲಿದ್ದ ಅದೇ ಬಣ್ಣದ ಬೇರೆ ಕೂದಲನ್ನು ಸೇರಿಸಿದರೆ, ಇಲ್ಲವೆ ಕೊಟ್ಟದ್ದನ್ನು ಬಿಸಾಡಿ ಪೂರ್ತಿ ಬೇರೆಯದನ್ನೇ ಹೆಣೆದರೆ ತಿಳಿಯುವವರು ಯಾರು? ಈ ಅನುಮಾನ ಆ ಕಾಲದ ಕೈಪಿಡಿಗಳಲ್ಲೇ ದಾಖಲಾಗಿದೆ. ಮಾರ್ಕ್ ಕ್ಯಾಂಪ್‌ಬೆಲ್ 1867ರಲ್ಲಿ ಕೂದಲ ಕೆಲಸವನ್ನು ಸ್ವತಃ ಕಲಿಯುವವರಿಗಾಗಿ ಅಮೆರಿಕದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮನೆಯಲ್ಲೇ ಹೆಣೆದುಕೊಂಡರೆ ಕೈಯಲ್ಲಿರುವುದು ಅಗಲಿದವರ ಕೂದಲೇ ಎಂಬ ನೆಮ್ಮದಿ ಇರುತ್ತದೆಂಬುದನ್ನು ದೊಡ್ಡ ಲಾಭವಾಗಿ ಮುಂದಿಟ್ಟನು. ಲಂಡನ್ನಿನಲ್ಲಿ 1871ರಲ್ಲಿ ಬಂದ ಅಲೆಕ್ಸಾನಾ ಸ್ಪೈಟ್‌ಳ 'ದಿ ಲಾಕ್ ಆಫ್ ಹೇರ್' ಕೂಡ ಮನೆಯ ಹೆಂಗಸರಿಗೆ ಈ ವಿದ್ಯೆಯನ್ನು ಕಲಿಸಲು ಹೊರಟ ಪುಸ್ತಕವೇ. ವ್ಯಾಪಾರಿಗಳಾದರೋ ಕೊಟ್ಟ ಕೂದಲನ್ನೇ ಬಳಸುವುದಾಗಿ ಭರವಸೆ ನೀಡಬೇಕಾಯಿತು. ಅಂತಹ ಭರವಸೆಯ ಅಗತ್ಯ ಬಿದ್ದದ್ದೇ ಶಂಕೆ ಎಷ್ಟು ವ್ಯಾಪಕವಾಗಿತ್ತೆಂಬುದನ್ನು ಹೇಳುತ್ತದೆ. ಹೆಣ್ಣುಮಕ್ಕಳ ಮನೆಗೆಲಸದ ಹವ್ಯಾಸವೆಂದು ಚರಿತ್ರಕಾರರು ಹಗುರವಾಗಿ ಕಂಡ ಕೂದಲ ಹೆಣಿಗೆ, ಈ ಹಿನ್ನೆಲೆಯಲ್ಲಿ ಒಂದು ಕಾವಲು ಕೆಲಸವಾಗಿ ಕಾಣುತ್ತದೆ.

ಸಾಹಿತ್ಯಕ್ಕೆ ಇದು ಇನ್ನೂ ಮೊದಲೇ ಹೊಳೆದಿತ್ತು. ಎಮಿಲಿ ಬ್ರಾಂಟೆಯ 1847ರ ಕಾದಂಬರಿ 'ವದರಿಂಗ್ ಹೈಟ್ಸ್'ನಲ್ಲಿ, ಸತ್ತ ಕ್ಯಾಥರೀನಳ ಕೊರಳಿನ ಲಾಕೆಟ್ಟಿನಿಂದ ಅವಳ ಗಂಡನ ಹೊಂಬಣ್ಣದ ಕೂದಲನ್ನು ಹೀತ್‌ಕ್ಲಿಫ್ ಹೊರಗೆಸೆದು ತನ್ನ ಕಪ್ಪು ಕೂದಲನ್ನು ಇಡುತ್ತಾನೆ. ಮನೆಯಾಳು ನೆಲ್ಲಿ ಎರಡನ್ನೂ ಒಟ್ಟಿಗೆ ಹೊಸೆದು ಒಳಗಿಟ್ಟು ಮುಚ್ಚುತ್ತಾಳೆ. ಲಾಕೆಟ್ಟಿನೊಳಗಿನ ಕೂದಲನ್ನು ಬದಲಿಸುವುದು ಎಷ್ಟು ಸುಲಭ, ಬದಲಿಸಿದರೆ ಆಗುವ ಅನರ್ಥ ಎಷ್ಟು ದೊಡ್ಡದು ಎಂಬ ಎರಡೂ ಅರಿವು ಈ ಪ್ರಸಂಗದಲ್ಲಿದೆ. ಎಮಿಲಿ 1848ರಲ್ಲಿ, ತಂಗಿ ಆನ್ 1849ರಲ್ಲಿ ತೀರಿಕೊಂಡರು. ಅವರಿಬ್ಬರ ಕೂದಲಿನಿಂದ ಹೆಣೆದದ್ದೆಂದು ತಿಳಿಯಲಾಗಿರುವ, ಅಕ್ಕ ಷಾರ್ಲೆಟ್‌ಳಿಗೆ ಸೇರಿದ್ದ ಅಮೆಥಿಸ್ಟ್ ಹರಳಿನ ಕೈಪಟ್ಟಿಯೊಂದು ಹಾವರ್ತ್‌ನ ಬ್ರಾಂಟೆ ವಸ್ತುಸಂಗ್ರಹಾಲಯದಲ್ಲಿದೆ.

ಹೆಸರು ತಪ್ಪಿದ ಕೂದಲಿಗೆ ಅತಿ ಪ್ರಸಿದ್ಧ ಉದಾಹರಣೆ ಸಂಗೀತಗಾರ ಬೀಥೋವೆನ್‌ನದು. ಅವನು ಬದುಕಿದ್ದಾಗಲೇ, 1826ರಲ್ಲಿ, ಪಿಯಾನೋವಾದಕ ಆಂಟನ್ ಹಾಮ್‌ನ ಹೆಂಡತಿಗೆ ಬೀಥೋವೆನ್‌ನ ಕೂದಲೆಂದು ಯಾರೋ ಮೇಕೆಯ ಕೂದಲನ್ನು ಕೊಟ್ಟು ವಂಚಿಸಿದ್ದರು. ಅದನ್ನರಿತ ಬೀಥೋವೆನ್ ತಾನೇ ಕತ್ತರಿಸಿ ತನ್ನ ಕೂದಲನ್ನು ಕೊಟ್ಟನು. 1827ರಲ್ಲಿ ಅವನು ಸತ್ತಾಗ ಹಾಸಿಗೆಯ ಬಳಿ ಬಂದವರು ನೆನಪಿಗಾಗಿ ಕೂದಲು ಕತ್ತರಿಸಿ ಒಯ್ದರು. ಹದಿನೈದರ ಹರೆಯದ ಫರ್ಡಿನೆಂಡ್ ಹಿಲ್ಲರ್ ಒಯ್ದನೆನ್ನಲಾದ ಕೂದಲು ಗಾಜಿನ ಲಾಕೆಟ್ಟಿನಲ್ಲಿ ಉಳಿದು, 1994ರಲ್ಲಿ ಲಂಡನ್ನಿನಲ್ಲಿ ಹರಾಜಾಗಿ, ಅದರ ಮೇಲೆ ಹಲವು ವೈಜ್ಞಾನಿಕ ಪರೀಕ್ಷೆಗಳು ನಡೆದವು. 2023ರಲ್ಲಿ ಸಂಶೋಧಕರು ಅವನದೆನ್ನಲಾದ ಎಂಟು ಕೂದಲ ಎಳೆಗಳ ಡಿಎನ್‌ಎ ವಿಶ್ಲೇಷಿಸಿದಾಗ ಐದು ಮಾತ್ರ ಅವನವೆಂದು ಒಪ್ಪಿಗೆಯಾದವು. ಹಾಮ್ ದಂಪತಿಗೆ ಕೊಟ್ಟದ್ದು ಆ ಐದರಲ್ಲಿ ಸೇರಿದೆ. ಹಿಲ್ಲರನ ಲಾಕೆಟ್ಟಿನಲ್ಲಿದ್ದುದು ಒಬ್ಬ ಹೆಂಗಸಿನ ಕೂದಲು. ಆಕೆ ಯಾರು, ಆಕೆಯ ಕೂದಲನ್ನು ಜೋಪಾನ ಮಾಡಿದವರು ಯಾರು, ಎಂದು ಅದು ಬದಲಾಯಿತು ಎಂಬ ಪ್ರಶ್ನೆಗಳು ಸಂಗೀತಾಭಿಮಾನಿಗಳಿಗೆ ಮುಖ್ಯವೆನಿಸದಿರಬಹುದು. ಜಾನಪದ ವಿದ್ವಾಂಸರಿಗೆ ಅವೇ ಮುಖ್ಯ.

ಹೆಸರುಳ್ಳ ಒಂದು ಎಳೆಗಾಗಿ ಇಷ್ಟು ಕಾತರಿಸಿದ ಅದೇ ಶತಮಾನ ಹೆಸರಿಲ್ಲದ ಕೂದಲನ್ನು ಮೂಟೆಗಟ್ಟಲೆ ವ್ಯಾಪಾರ ಮಾಡಿತು. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಜಾತ್ರೆಗಳಲ್ಲಿ ರೈತರ ಹೆಣ್ಣುಮಕ್ಕಳು ತಲೆಗೂದಲನ್ನು ಕತ್ತರಿಸಿ ಮಾರುತ್ತಿದ್ದರು. ಅದು ನಗರದ ಶ್ರೀಮಂತ ಸ್ತ್ರೀಯರ ಕೃತಕ ಜಡೆ, ತುರುಬುಗಳಾಗುತ್ತಿತ್ತು. ಒಂದೇ ಹೆಂಗಸಿನ ಎದೆಯ ಮೇಲೆ ತಾಯಿಯ ಕೂದಲಿನ ಪದಕ, ತಲೆಯ ಮೇಲೆ ಅಪರಿಚಿತಳೊಬ್ಬಳ ಕೂದಲಿನ ತುರುಬು ಇರುವುದು ಸಾಧ್ಯವಿತ್ತು. ಮೊದಲನೆಯದಕ್ಕೆ ಹೆಸರು ಇರಲೇಬೇಕು, ಎರಡನೆಯದಕ್ಕೆ ಇರಲೇಬಾರದು.

ಈ ಎರಡನೆಯ ಬಗೆಯ ಕೂದಲಿನ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಸೂಜಿ, ಪಿನ್ನು, ಪಾತ್ರೆಗಳನ್ನು ಕೊಟ್ಟು ಬಾಚಿದ ಕೂದಲನ್ನು ಒಯ್ಯುವ ವ್ಯಾಪಾರಿಗಳು ನಮ್ಮ ಹಳ್ಳಿಗಳಿಗೆ ಪರಿಚಿತರು. ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲು ಸಂಸ್ಕರಣೆಯ ದೊಡ್ಡ ಕೇಂದ್ರವಾಗಿ ಬೆಳೆದಿದೆ. ಅಲ್ಲಿ ಸಿಕ್ಕುಗಟ್ಟಿದ ಉಂಡೆಗಳನ್ನು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವ ಕೆಲಸದಲ್ಲಿ ತೊಡಗಿರುವವರಲ್ಲಿ ಹೆಂಗಸರು ಬಹಳ. ತಿರುಮಲದಲ್ಲಿ ಭಕ್ತರು ಒಪ್ಪಿಸಿದ ಮುಡಿಯೂ ಹರಾಜಾಗಿ ವಿಗ್ಗುಗಳ ಜಾಗತಿಕ ಮಾರುಕಟ್ಟೆಯನ್ನು ಸೇರುತ್ತದೆ. ಮುಡಿ ಕೊಡುವ ಭಕ್ತನಿಗೆ ತನ್ನ ಕೂದಲು ಮುಂದೆಲ್ಲಿ ಹೋಯಿತೆಂಬ ಚಿಂತೆಯಿಲ್ಲ. ಕೊಟ್ಟೊಡನೆ ಅದು ಅವನದಲ್ಲ. ಆದರೆ ಕೂದಲಿಗೆ ಹೆಸರು ಅಂಟಿಸಿ ಕಾಪಾಡುವ ಕ್ರಮ ನಮ್ಮ ನೆಲಕ್ಕೆ ತೀರ ಅಪರಿಚಿತವೆಂದೂ ಹೇಳುವಂತಿಲ್ಲ. ವಿಜಯಪುರದಲ್ಲಿ ಮಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಕಟ್ಟಿದ ಅಸಾರ್ ಮಹಲ್ ಪ್ರವಾದಿ ಮುಹಮ್ಮದರ ಕೂದಲಿನ ಅವಶೇಷವನ್ನು ಇರಿಸಿದ ಸ್ಥಳವಾಗಿ ಪೂಜ್ಯವಾಗಿದೆ. ಶ್ರೀನಗರದ ಹಜರತ್‌ಬಾಲ್‌ನಲ್ಲಿರುವ ಪವಿತ್ರ ಕೇಶವೂ ವಿಜಯಪುರದಿಂದಲೇ ಹೋದದ್ದೆಂಬ ಪ್ರತೀತಿಯಿದೆ. 1963ರ ಡಿಸೆಂಬರ್ 27ರಂದು ಅದು ಕಾಣೆಯಾಗಿ, 1964ರ ಜನವರಿ 4ರಂದು ಮರಳಿ ದೊರೆಯಿತು. ದೊರೆತದ್ದು ಅದೇ ಕೂದಲು ಹೌದೆಂದು ಧಾರ್ಮಿಕ ಹಿರಿಯರು ಫೆಬ್ರವರಿಯಲ್ಲಿ ನೋಡಿ ಗುರುತಿಸಿದ ಮೇಲೆಯೇ ಕಾಶ್ಮೀರದ ಜನ ಸಮಾಧಾನಗೊಂಡರು. ಭಕ್ತಿಯ ನೆಲೆ ಬೇರೆ, ಮನೆಯ ಶೋಕದ ನೆಲೆ ಬೇರೆ. ಆದರೂ 'ಇದು ಅದೇ ಹೌದೇ?' ಎಂಬ ಪ್ರಶ್ನೆಯ ತೀವ್ರತೆ ಎರಡರಲ್ಲೂ ಒಂದೇ.

ಇಪ್ಪತ್ತನೆಯ ಶತಮಾನ ಹುಟ್ಟುವ ವೇಳೆಗೆ ಕೂದಲೊಡವೆಯ ಕಾಲ ಇಳಿಮುಖವಾಗಿತ್ತು. ಛಾಯಾಚಿತ್ರ ಅಗ್ಗವಾಗಿ ಮುಖವೇ ಮನೆಯಲ್ಲಿ ಉಳಿಯತೊಡಗಿತು. ಮೊದಲ ಮಹಾಯುದ್ಧದ ಸಾಮೂಹಿಕ ಸಾವುಗಳು ದೀರ್ಘ ಶೋಕದ ಶಿಷ್ಟಾಚಾರವನ್ನು ಮುರಿದವು. 1920ರ ದಶಕದ ಹೆಂಗಸರು ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡರು. ಅಜ್ಜಿಯ ಪೆಟ್ಟಿಗೆಯ ಕೂದಲೊಡವೆ ಮೊಮ್ಮಕ್ಕಳಿಗೆ ಹೇಸಿಗೆಯ ವಸ್ತುವಾಯಿತು. ಕೆಲವರು ಚಿನ್ನವನ್ನು ಕರಗಿಸಿ ಕೂದಲನ್ನು ಎಸೆದರು.

ಉಳಿದವು ಇಂದು ಪ್ರಾಚೀನ ವಸ್ತುಗಳ ಮಾರುಕಟ್ಟೆಯಲ್ಲಿ ಸಿಗುತ್ತವೆ. ಅಲ್ಲಿ ಕೂದಲಿರುವ ಒಡವೆಯನ್ನೆಲ್ಲ 'ಶೋಕಾಭರಣ'ವೆಂದು ಕರೆಯುವ ರೂಢಿ ಬೆಳೆದಿದೆ. ಇದು ತಪ್ಪು ವರ್ಗೀಕರಣ. ಪ್ರೇಮಿಗಳು, ಗೆಳತಿಯರು, ದ್ವೀಪಾಂತರ ಹೊರಟ ಮಗ, ಇವರೆಲ್ಲ ಬದುಕಿರುವಾಗಲೇ ಕೂದಲು ಕೊಟ್ಟು ಒಡವೆ ಮಾಡಿಸುತ್ತಿದ್ದರು. ವಿಕ್ಟೋರಿಯಾ ರಾಣಿಗೇ ತನ್ನ ಒಂಬತ್ತು ಮಕ್ಕಳ ಕೂದಲನ್ನು ಒಂದೊಂದು ಪುಟ್ಟ ಎನಾಮೆಲ್ ಹೃದಯದಲ್ಲಿಟ್ಟ ಕೈಸರಪಳಿಯಿತ್ತು. ಅದು ಹುಟ್ಟಿನ ಒಡವೆ, ಸಾವಿನದಲ್ಲ. ಕಪ್ಪು ಎನಾಮೆಲ್, ಸ್ಮರಣೆಯ ಬರಹ, ಮರಣದ ದಿನಾಂಕ ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಅದನ್ನು ಶೋಕಾಭರಣವೆನ್ನಲು ಆಧಾರವಿಲ್ಲ. ಶೋಕವೆಂದರೆ ಬೆಲೆ ಹೆಚ್ಚುವುದರಿಂದ ಮಾರಾಟಗಾರರು ಈ ಎಚ್ಚರಿಕೆಯನ್ನು ಪಾಲಿಸುವುದಿಲ್ಲ. ವಸ್ತುಸಂಗ್ರಹಾಲಯಗಳ ವಿವರಪಟ್ಟಿಗಳಾದರೂ ಪಾಲಿಸಬೇಕು.

ಅಮೆರಿಕದ ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ನಗರದಲ್ಲಿ ಲೀಲಾ ಕೊಹೂನ್ ಎಂಬ ಕೇಶವಿನ್ಯಾಸಕಿ ದಶಕಗಳ ಕಾಲ ಇಂತಹ ವಸ್ತುಗಳನ್ನು ಕೊಂಡು ತಂದು, ಕೂದಲಿಗೆಂದೇ ಒಂದು ವಸ್ತುಸಂಗ್ರಹಾಲಯ ನಡೆಸಿದರು. ಅಲ್ಲಿ ಒಡವೆಗಳಲ್ಲದೆ, ಒಂದೊಂದು ಕುಟುಂಬದ ಹಲವರ ಕೂದಲನ್ನು ತಂತಿಗೆ ಸುತ್ತಿ ಹೂವುಗಳನ್ನಾಗಿ ಮಾಡಿ, ಲಾಳದ ಆಕಾರದಲ್ಲಿ ಜೋಡಿಸಿ ಚೌಕಟ್ಟು ಹಾಕಿದ ಹಾರಗಳು ಬಹಳ ಸಂಖ್ಯೆಯಲ್ಲಿದ್ದವು. 2024ರಲ್ಲಿ ಅವರು ತೀರಿಕೊಂಡ ಮೇಲೆ, 2025ರಲ್ಲಿ ಆ ಸಂಗ್ರಹಾಲಯ ಮುಚ್ಚಿತು. ಸಾವಿರಾರು ವಸ್ತುಗಳನ್ನು ಬೇರೆ ಬೇರೆ ಸಂಸ್ಥೆಗಳಿಗೆ ಹಂಚುವ ಕೆಲಸವನ್ನು ಮೊಮ್ಮಗಳು ಕೈಗೆತ್ತಿಕೊಂಡರು. ಇಂತಹ ಹಾರಗಳಲ್ಲಿ ಕೆಲವಕ್ಕೆ ಪ್ರತಿ ಹೂವಿಗೂ ಒಂದು ಸಂಖ್ಯೆಯ ಚೀಟಿ ಅಂಟಿಸಿ, ಯಾವ ಸಂಖ್ಯೆ ಯಾರ ಕೂದಲೆಂದು ಬೇರೊಂದು ಹಾಳೆಯಲ್ಲಿ ಬರೆದಿಡುವ ಕ್ರಮವಿತ್ತು. ಹಾರವನ್ನು ಪಡೆಯುವ ಸಂಸ್ಥೆಗಳು ಚೌಕಟ್ಟಿನ ಹಿಂಬದಿಯನ್ನು ಬಿಚ್ಚುವಾಗ ಮೊದಲು ಹುಡುಕಬೇಕಾದದ್ದು ಆ ಹಾಳೆಯನ್ನು.